ಬೀಜಿಂಗ್‌ನ ಸಿಸಿಟಿವಿ ಕಟ್ಟಡ: ಎರಡು ಓರೆ ಗೋಪುರಗಳನ್ನು 162 ಮೀಟರ್ ಎತ್ತರದಲ್ಲಿ ಕೂಡಿಸಿದ್ದು ಹೇಗೆ?

ತೊಲೆ_ಕಂಬ

ಚೀನಾದ ಈಚಿನ ಸರ್ಕಾರಿ ಕಟ್ಟಡಗಳಲ್ಲಿ ಒಂದೇ ನೋಟಕ್ಕೆ ಗುರುತು ಸಿಗುವುದು ಬೀಜಿಂಗ್‌ನ ಸಿಸಿಟಿವಿ ಕೇಂದ್ರ ಕಚೇರಿ, ಅಂದರೆ ಅಲ್ಲಿನ ಸರ್ಕಾರಿ ಟಿವಿಯ ಮುಖ್ಯ ಕಟ್ಟಡ. ಬುಡದಲ್ಲಿ ಎಲ್ ಆಕಾರದ 9 ಮಹಡಿಯ ಪೀಠ, ಅದರ ಎರಡು ತುದಿಯಿಂದ ಏಳುವ ಓರೆ ಗೋಪುರಗಳು, ನೆತ್ತಿಯಲ್ಲಿ ಅವೆರಡನ್ನೂ ಕೂಡಿಸುವ ಇನ್ನೊಂದು ಎಲ್. ಆ ಮೇಲಿನ ಎಲ್‌ನ ಮೂಲೆ ಗೋಪುರದಿಂದ ಸುಮಾರು 75 ಮೀಟರ್ ಹೊರಚಾಚಿಕೊಂಡಿದೆ, ಕೆಳಗೆ ಒಂದು ಕಂಬವೂ ಇಲ್ಲ.

ಎತ್ತರ 234 ಮೀಟರ್, 51 ಮಹಡಿ, ಒಟ್ಟು ನೆಲ ಸುಮಾರು 4.73 ಲಕ್ಷ ಚದರ ಮೀಟರ್. ವಾಸ್ತುವಿನ್ಯಾಸ ಒಎಂಎ ಸಂಸ್ಥೆಯ ರೆಮ್ ಕೂಲ್‌ಹಾಸ್ ಮತ್ತು ಓಲೆ ಶೇರೆನ್ ಅವರದು. ಸ್ಟ್ರಕ್ಚರಲ್ ಎಂಜಿನಿಯರಿಂಗ್ ಆರಪ್ ಸಂಸ್ಥೆಯದು. 2002ರಲ್ಲಿ ಸ್ಪರ್ಧೆ, 2004ರ ಸೆಪ್ಟೆಂಬರ್‌ನಲ್ಲಿ ಕೆಲಸ ಶುರು, 2012ರಲ್ಲಿ ಮುಗಿಯಿತು.

ಚೆಂದವೋ ಅಸಹ್ಯವೋ ಎಂಬ ಚರ್ಚೆ ಬೇರೆ ಕಡೆ ಬೇಕಾದಷ್ಟಾಗಿದೆ, ಇಲ್ಲಿ ಬೇಡ. ತಿಳಿಯಬೇಕಿರುವುದು ಇಷ್ಟು: ಮೇಲೆ ಕೂಡುವ ಮೊದಲು ಈ ಗೋಪುರಗಳು ನಿಂತದ್ದು ಹೇಗೆ? ಗಾಜಿನ ಮೇಲೆ ಕಾಣುವ ಅಡ್ಡಾದಿಡ್ಡಿ ಗೆರೆಗಳು ಅಲಂಕಾರವೋ, ಕೆಲಸ ಮಾಡುತ್ತವೋ? ಭೂಕಂಪದ ಲೆಕ್ಕ ಹೇಗೆ ಹಾಕಿದರು? 2009ರಲ್ಲಿ ಅಲ್ಲಿ ಬೆಂಕಿ ಬಿದ್ದದ್ದು ಇದೇ ಕಟ್ಟಡಕ್ಕಾ?

ಉಕ್ಕಿನಕೋಟೆ

ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ. ಅದು ತಿಳಿದರೆ ಉಳಿದದ್ದು ಸಲೀಸು.

ಆ ಗೆರೆಗಳು ಅಲಂಕಾರವಲ್ಲ. ಕಟ್ಟಡದ ಹೊರಮೈ ಪೂರ್ತಿ ಒಂದು ಉಕ್ಕಿನ ಕೊಳವೆ. ಕಾಲಂ (ಕಂಬ), ಅಂಚಿನ ಬೀಮ್ (ತೊಲೆ), ಓರೆ ಬ್ರೇಸ್ (ಅವುಗಳನ್ನು ಅಡ್ಡಾದಿಡ್ಡಿ ಕಟ್ಟುವ ಉಕ್ಕಿನ ತುಂಡು) ಮೂರೂ ಸೇರಿ ಆ ಕೊಳವೆಯ ಗೋಡೆಯಾಗುತ್ತವೆ. ಆ ಗೋಡೆ ಪೀಠ, ಎರಡು ಗೋಪುರ, ಮೇಲಿನ ಚಾಚು ಎಲ್ಲವನ್ನೂ ಎಲ್ಲೂ ತುಂಡಾಗದೆ ಸುತ್ತಿಕೊಂಡಿದೆ. ಹಾಗಾಗಿ ಗಾಳಿ, ಭೂಕಂಪ, ಓರೆಯಿಂದ ಹುಟ್ಟುವ ಬಾಗು, ತಿರುಚು ಇವೆಲ್ಲವನ್ನೂ ಮುಖ್ಯವಾಗಿ ಹೊರಮೈಯೇ ಹೊರುತ್ತದೆ. ಒಳಗಿನ ಲಿಫ್ಟ್ ಕೋರ್‌ಗಳಿಗೆ (ಲಿಫ್ಟ್ ಓಡುವ ನಡುಭಾಗಗಳಿಗೆ) ಬಹುಪಾಲು ಮಹಡಿಗಳ ಭಾರವಷ್ಟೇ.

ವಿನ್ಯಾಸಕಾರರು ಮೊದಲು ಬ್ರೇಸ್‌ಗಳನ್ನು ಎಲ್ಲ ಕಡೆ ಒಂದೇ ಅಳತೆಯ ಜಾಲವಾಗಿ ಹರಡಿ ಲೆಕ್ಕ ಹಾಕಿದರು. ಕೆಲವು ಕಡೆ ಬ್ರೇಸ್‌ಗಳಿಗೆ ತಾಳಲಾರದಷ್ಟು ಬಲ ಬಂತು, ಕೆಲವು ಕಡೆ ಸುಮ್ಮನೆ ಕೂತಿದ್ದವು. ಬಲ ಹೆಚ್ಚಿರುವಲ್ಲಿ ಜಾಲವನ್ನು ಒತ್ತೊತ್ತಾಗಿಸಿದರು, ಕಡಿಮೆ ಇರುವಲ್ಲಿ ತೆಗೆದರು, ಮತ್ತೆ ಲೆಕ್ಕ ಹಾಕಿದರು. ಒಂದು ಕಡೆ ಬ್ರೇಸ್ ಸೇರಿಸಿದರೆ ಅಲ್ಲಿ ಬಿಗಿತ ಹೆಚ್ಚಿ ಇನ್ನಷ್ಟು ಬಲ ಅಲ್ಲಿಗೇ ಬರುವುದರಿಂದ ಇದು ಒಂದೇ ಸುತ್ತಿಗೆ ಮುಗಿಯುವ ಕೆಲಸವಲ್ಲ. ಹೀಗೆ ಸುತ್ತು ಹೊಡೆದು ಕೊನೆಗೆ ಉಳಿದದ್ದೇ ಈಗ ಗಾಜಿನ ಮೇಲೆ ಕಾಣುವ ವಿನ್ಯಾಸ. ಪೀಠ ಮತ್ತು ಗೋಪುರ ಸೇರುವಲ್ಲಿ, ಗೋಪುರ ಮತ್ತು ಚಾಚು ಸೇರುವಲ್ಲಿ ಗೆರೆಗಳು ದಟ್ಟವಾಗಿರುವುದಕ್ಕೆ ಕಾರಣ ಅದೇ. ಫೋಟೋ ದೊಡ್ಡದು ಮಾಡಿ ನೋಡಿ, ಬಲದ ನಕ್ಷೆಯನ್ನು ಕಣ್ಣಲ್ಲೇ ಓದಬಹುದು.

ನಕ್ಷೆಗಾರ್ತಿ

ಓರೆಯ ಅಳತೆಯನ್ನೂ ಹೇಳಿಬಿಡಬೇಕು. ಗೋಪುರಗಳು ವಾಲಿರುವುದು ಒಂದೇ ದಿಕ್ಕಿಗಲ್ಲ. ಲಂಬಕೋನದಲ್ಲಿರುವ ಎರಡು ದಿಕ್ಕಿಗೂ 6 ಡಿಗ್ರಿ. 160 ಮೀಟರ್ ಎತ್ತರಕ್ಕೆ 6 ಡಿಗ್ರಿ ಅಂದರೆ ಒಂದು ದಿಕ್ಕಿಗೆ ಸುಮಾರು 16.8 ಮೀಟರ್ ಸರಿತ. ಎರಡೂ ದಿಕ್ಕು ಸೇರಿಸಿ ಮೂಲೆಯಿಂದ ಮೂಲೆಗೆ ಅಳೆದರೆ ಹತ್ತಿರ ಹತ್ತಿರ 24 ಮೀಟರ್. ಒಂದು ನಿವೇಶನದ ಅಗಲಕ್ಕಿಂತ ಹೆಚ್ಚು ದೂರ ನೆತ್ತಿಯೇ ಪಕ್ಕಕ್ಕೆ ಹೋಗಿದೆ. ಚಾಚಿನ ಮಾತು ಇನ್ನೂ ಬಂದಿಲ್ಲ.

ಹಾಗಾಗಿ ಸ್ವಂತ ಭಾರವೇ ಈ ಕಟ್ಟಡವನ್ನು ಹಗಲೂ ರಾತ್ರಿ ಉರುಳಿಸಲು ನೋಡುತ್ತದೆ. ನೇರ ಗೋಪುರದಲ್ಲಿ ಗಾಳಿ ಬಂದಾಗ ಮಾತ್ರ ಬರುವ ಬಾಗು ಇಲ್ಲಿ ಯಾವಾಗಲೂ ಇರುತ್ತದೆ. ತಳಪಾಯವನ್ನು ನೋಡಬೇಕಾದದ್ದು ಈ ದೃಷ್ಟಿಯಿಂದ.

ರಾಫ್ಟ್‌ರಾಯ

ತಳಪಾಯಕ್ಕೆ ಬಂದಿರಲ್ಲ, ಸರಿ.

ಎರಡೂ ಗೋಪುರದ ಕೆಳಗೆ ಪೈಲ್ (ನೆಲದಾಳಕ್ಕೆ ಇಳಿದ ಕಾಂಕ್ರೀಟ್ ಕಂಬ) ಮತ್ತು ರಾಫ್ಟ್ (ಅವುಗಳ ಮೇಲಿನ ಅಗಲ ಚಪ್ಪಡಿ) ಸೇರಿದ ತಳಪಾಯ. ಪೈಲ್‌ಗಳು ಕೊರೆದು ಸುರಿದವು, ಸಾಮಾನ್ಯವಾಗಿ 33 ಮೀಟರ್ ಉದ್ದ, ಅತಿ ದಪ್ಪದ್ದು 1.2 ಮೀಟರ್ ವ್ಯಾಸ. ರಾಫ್ಟ್ ಕೆಲವು ಕಡೆ 7 ಮೀಟರ್ ದಪ್ಪ, ಅಂದರೆ ಎರಡು ಮಹಡಿಯ ಎತ್ತರದಷ್ಟು ಗಟ್ಟಿ ಕಾಂಕ್ರೀಟ್.

ಜಾಣತನ ಇರುವುದು ದಪ್ಪದಲ್ಲಲ್ಲ, ರಾಫ್ಟ್ ಕೂತಿರುವ ಜಾಗದಲ್ಲಿ. ಗೋಪುರ ವಾಲಿರುವುದರಿಂದ ಭಾರದ ಕೇಂದ್ರ ಬುಡದ ನಡುವೆ ಬೀಳುವುದಿಲ್ಲ, ವಾಲಿದ ಕಡೆಗೆ ಸರಿದು ಬೀಳುತ್ತದೆ. ಅದಕ್ಕೇ ರಾಫ್ಟನ್ನು ಗೋಪುರದ ಹೆಜ್ಜೆಗುರುತಿನಿಂದ ಆಚೆಗೆ ಚಾಚಿ, ಭಾರ ಎಲ್ಲಿ ಇಳಿಯುತ್ತದೋ ಅದರ ಹತ್ತಿರಕ್ಕೆ ರಾಫ್ಟಿನ ಕೇಂದ್ರ ಬರುವ ಹಾಗೆ ಮಾಡಿದ್ದಾರೆ. ನಿತ್ಯದ ಭಾರದಲ್ಲಿ ಒಂದು ಪೈಲ್ ಕೂಡ ಎಳೆತದಲ್ಲಿ ಇರಬಾರದು ಎಂಬುದು ಷರತ್ತು. ಹಾಗೆ ಮಾಡದಿದ್ದರೆ ಒಂದು ಬದಿಯ ಪೈಲ್‌ಗಳು ಮೇಲಕ್ಕೆ ಎಳೆಸಿಕೊಳ್ಳುತ್ತ, ಇನ್ನೊಂದು ಬದಿಯವು ನೆಲಕ್ಕೆ ಒತ್ತುತ್ತ, ವರ್ಷಗಳು ಹೋದಂತೆ ಗೋಪುರ ಇನ್ನಷ್ಟು ವಾಲುತ್ತಿತ್ತು.

ರಾಫ್ಟ್ ಸುರಿದ ಕತೆ ಸೈಟಿನವರಿಗೆ ಇಷ್ಟವಾಗುತ್ತದೆ. ಒಂದು ಗೋಪುರದ ರಾಫ್ಟಿಗೆ 39,000 ಘನ ಮೀಟರ್ ಕಾಂಕ್ರೀಟ್, ಒಂದೇ ಉಸಿರಿನಲ್ಲಿ, 54 ಗಂಟೆ. ಗಂಟೆಗೆ ಸುಮಾರು 720 ಘನ ಮೀಟರ್ ಆಯಿತು. 6 ಘನ ಮೀಟರ್ ಹಿಡಿಯುವ ಮಿಕ್ಸರ್ ಲಾರಿ ಅಂತ ಇಟ್ಟುಕೊಂಡರೆ ಅರ್ಧ ನಿಮಿಷಕ್ಕೆ ಒಂದು ಲಾರಿ ಖಾಲಿಯಾಗಬೇಕು, ಎರಡು ಹಗಲು ಎರಡು ರಾತ್ರಿ ಕಳೆದ ಮೇಲೂ.

ಕರಾವಳಿ_ಕಾಂಕ್ರೀಟ್

ರಾಯರೇ, ಇಷ್ಟು ದಪ್ಪಕ್ಕೆ ಬಿಸಿಯದೇ ದೊಡ್ಡ ತಲೆನೋವು ಅಲ್ಲವೇ? ಎರಡು ಮೀಟರ್ ದಪ್ಪಕ್ಕೇ ಇಲ್ಲಿ ಬಿರುಕು ಬಿಡಿಸಿಕೊಳ್ಳುತ್ತಾರೆ.

ರಾಫ್ಟ್‌ರಾಯ

ಹೌದು. ಸಿಮೆಂಟ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. 7 ಮೀಟರ್ ದಪ್ಪದ ನಡುವಿನಿಂದ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಒಳಗು ಬಿಸಿಯಾಗಿ ಹಿಗ್ಗುತ್ತದೆ, ಹೊರಗು ತಣ್ಣಗಾಗಿ ಕುಗ್ಗುತ್ತದೆ, ಮೇಲ್ಮೈ ಸೀಳುತ್ತದೆ. ಸೈಟಿನಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿ ಎರಡು: ಒಳ ಹೊರಗಿನ ಉಷ್ಣಾಂಶದ ಅಂತರ 20ರಿಂದ 25 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಒಳಗಿನ ಗರಿಷ್ಠ 70 ಡಿಗ್ರಿ ಸುತ್ತಮುತ್ತ ನಿಲ್ಲಬೇಕು.

ಇಲ್ಲಿ ಸುರಿದದ್ದು 2005ರ ಡಿಸೆಂಬರ್ ಕೊನೆಯಲ್ಲಿ. ಆಗ ಬೀಜಿಂಗ್‌ನಲ್ಲಿ ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಕಾಂಕ್ರೀಟ್ ತಣ್ಣಗೆ ಬರುತ್ತದೆ ಅನ್ನುವುದು ಲಾಭ. ಮೇಲ್ಮೈ ಬೇಗ ತಣ್ಣಗಾಗಿ ಅಂತರ ಹೆಚ್ಚುತ್ತದೆ ಅನ್ನುವುದು ನಷ್ಟ. ರಾಫ್ಟಿನೊಳಗೆ ತಣ್ಣೀರಿನ ಪೈಪ್ ಹಾಯಿಸಿದ್ದರು, ಸುರಿದ ಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ ಉಷ್ಣಾಂಶ ಅಳೆಯುತ್ತಿದ್ದರು. ಇಂಥ ಕೆಲಸದಲ್ಲಿ ಎಡವುವುದು ಎರಡು ಕಡೆ. ಅಂತರ ಏರಿತು ಅಂತ ಗಾಬರಿಯಾಗಿ ಮೇಲ್ಮೈಗೆ ತಣ್ಣೀರು ಬಿಡುತ್ತಾರೆ, ಅದು ಅಂತರವನ್ನು ಇನ್ನೂ ಹೆಚ್ಚಿಸುತ್ತದೆ. ಮೇಲ್ಮೈಯನ್ನು ಬೆಚ್ಚಗೆ ಹೊದಿಸಬೇಕು, ಒಳಗನ್ನು ತಣ್ಣಗಾಗಿಸಬೇಕು. ಇನ್ನೊಂದು, ಲಾರಿ ಸಾಲು ಮಧ್ಯೆ ನಿಂತರೆ ಹಳೆಯ ಪದರ ಗಟ್ಟಿಯಾಗಿ ಹೊಸದು ಬೆಸೆಯುವುದಿಲ್ಲ. ಮೂರು ಬೇರೆ ಬೇರೆ ಪ್ಲಾಂಟ್‌ಗಳಿಂದ 160 ಲಾರಿ ಸರದಿ ಹಾಕಿದ್ದು ಅದಕ್ಕೇ. ಒಂದು ಪ್ಲಾಂಟ್ ಕೈಕೊಟ್ಟರೂ ಉಳಿದೆರಡು ನಡೆಯಬೇಕು.

ಓದುಗ_ಹಾಸನ

ನಾನು ಎಂಜಿನಿಯರ್ ಅಲ್ಲ. ಮೊದಲ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ಮೇಲಿನ ಭಾಗವನ್ನು ಕೆಳಗಿನಿಂದ ಕಂಬ ಕೊಟ್ಟು ಕಟ್ಟಿ ಆಮೇಲೆ ಕಂಬ ತೆಗೆದಿರಬೇಕು ಅಲ್ಲವೇ, ಮನೆಯ ತಾರಸಿಗೆ ಮಾಡುವ ಹಾಗೆ?

ಉಕ್ಕಿನಕೋಟೆ

ಆ ದಾರಿ ಪರಿಶೀಲನೆಯಲ್ಲಿ ಇತ್ತು, ಕೈಬಿಟ್ಟರು. ಮೂರು ಆಯ್ಕೆಗಳಿದ್ದವು.

ನೆಲದಿಂದ 162 ಮೀಟರ್ ಎತ್ತರದ ತಾತ್ಕಾಲಿಕ ಗೋಪುರ ನಿಲ್ಲಿಸಿ ಅದರ ಮೇಲೆ ಚಾಚನ್ನು ಕಟ್ಟುವುದು ಒಂದು. ಇನ್ನೊಂದು, ಚಾಚಿನ ಕೆಳಭಾಗವನ್ನು ನೆಲದಲ್ಲೇ ಜೋಡಿಸಿ ಉಕ್ಕಿನ ಹಗ್ಗದ ಜಾಕ್‌ಗಳಿಂದ ಮೇಲೆತ್ತುವುದು. ಮೂರನೆಯದು, ಎರಡೂ ಗೋಪುರದಿಂದ ತುಂಡು ತುಂಡಾಗಿ ಗಾಳಿಯಲ್ಲೇ ಮುಂದಕ್ಕೆ ಚಾಚುತ್ತ ಹೋಗಿ ನಡುವೆ ಕೂಡುವುದು. ಗುತ್ತಿಗೆದಾರರಾದ ಚೀನಾ ಸ್ಟೇಟ್ ಕನ್‌ಸ್ಟ್ರಕ್ಷನ್ ಮೂರನೆಯದನ್ನು ಆರಿಸಿಕೊಂಡಿತು. ತಾತ್ಕಾಲಿಕ ಗೋಪುರ ಬೇಡ, ಭಾರಿ ಜಾಕ್ ಬೇಡ, ಇರುವ ಕ್ರೇನ್‌ಗಳಲ್ಲೇ ಕೆಲಸವಾಗುತ್ತದೆ. ಆದರೆ ಲೆಕ್ಕದ ಹೊರೆ ಹೆಚ್ಚು, ಯಾಕೆಂದರೆ ಪ್ರತಿ ತುಂಡು ಸೇರಿದಾಗಲೂ ಕಟ್ಟಡ ಬೇರೆ ಕಟ್ಟಡವಾಗುತ್ತದೆ.

ಕ್ರೇನ್ ಬಗ್ಗೆ ಒಂದು ಮಾತು. ಉಕ್ಕಿನ ಅತಿ ಭಾರದ ತುಂಡು ಸುಮಾರು 80 ಟನ್. ನೇರ ಗೋಪುರದಲ್ಲಿ ಕ್ರೇನ್ ಮೇಲಕ್ಕೆ ಏರಿಸುತ್ತ ಹೋದರೆ ಸಾಕು. ಇಲ್ಲಿ ಗೋಪುರವೇ ಪಕ್ಕಕ್ಕೆ ಹೋಗುವುದರಿಂದ ಕ್ರೇನ್ ಮೇಲೇರಿದಂತೆಲ್ಲ ಅದರ ತೋಳು ಅಂಚಿಗೆ ಎಟುಕುವುದಿಲ್ಲ. ಏರಿಸುವುದರ ಜೊತೆ ಪಕ್ಕಕ್ಕೂ ಸರಿಸಬೇಕಾಯಿತು.

ಸೈಟ್‌ಬುಕ್

ಕೂಡಿಸಿದ ಘಟ್ಟವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕಟ್ಟಡದ ಗುಟ್ಟೆಲ್ಲ ಅಲ್ಲಿದೆ, ಆಕಾರದ ಬಗ್ಗೆ ಬರೆಯುವವರು ಅದನ್ನೇ ಬಿಟ್ಟುಬಿಡುತ್ತಾರೆ.

ಕೂಡುವ ಮೊದಲು ಎರಡು ಗೋಪುರಗಳು ಬೇರೆ ಬೇರೆ ಅಲ್ಲಾಡುತ್ತವೆ. ಗಾಳಿಗೆ ಒಂದು ಬಗೆ, ಬಿಸಿಲಿಗೆ ಇನ್ನೊಂದು ಬಗೆ. ಬಿಸಿಲಿನ ಲೆಕ್ಕ ನೀವೇ ಹಾಕಬಹುದು: ಉಕ್ಕು ಒಂದು ಡಿಗ್ರಿಗೆ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. 160 ಮೀಟರ್ ಎತ್ತರದ ಕಾಲಂ ಸಾಲು ಇನ್ನೊಂದು ಬದಿಗಿಂತ 10 ಡಿಗ್ರಿ ಬಿಸಿಯಾದರೆ ಸುಮಾರು 19 ಮಿಲಿಮೀಟರ್ ಉದ್ದವಾಗುತ್ತದೆ. ಬಿಸಿಲು ಬಿದ್ದ ಬದಿ ಉದ್ದವಾದರೆ ಗೋಪುರ ಎದುರು ಬದಿಗೆ ಬಾಗುತ್ತದೆ. ಎರಡು ಗೋಪುರಕ್ಕೆ ಬಿಸಿಲು ಬೀಳುವ ಮುಖಗಳು ಬೇರೆ, ಹೊತ್ತೂ ಬೇರೆ. ಮಧ್ಯಾಹ್ನ ತುದಿಗಳು ಎದುರುಬದುರಾಗಿ ಕೂರುವುದೇ ಇಲ್ಲ.

ಈಗ ಮೊದಲ ತೊಲೆಯನ್ನು ಹಾಕಿ ಬಿಗಿದಿರಿ ಅನ್ನಿ. ಆ ಕ್ಷಣದಿಂದ ಎರಡು ಬೃಹತ್ ಗೋಪುರಗಳ ಒಟ್ಟು ಅಲುಗಾಟವನ್ನು ತಡೆಯುವ ಹೊಣೆ ಆ ಒಂದು ತೊಲೆಯ ಮೇಲೆ. ಅದು ಮುರಿಯುತ್ತದೆ ಅಥವಾ ಅದರ ವೆಲ್ಡ್ ಹರಿಯುತ್ತದೆ. ಆದ್ದರಿಂದ ಒಂದೊಂದಾಗಿ ಕೂಡಿಸುವಂತಿಲ್ಲ, ಗಾಳಿ ಬಿಸಿಲನ್ನು ಒಟ್ಟಾಗಿ ತಡೆಯುವಷ್ಟು ತೊಲೆಗಳನ್ನು ಚಿಕ್ಕ ಅವಧಿಯಲ್ಲಿ ಒಮ್ಮೆಗೇ ಕೂಡಿಸಬೇಕು. ಲೆಕ್ಕದಲ್ಲಿ ಅದು 7 ತುಂಡು ಅಂತ ಬಂತು.

ಮಾಡಿದ್ದು ಹೀಗೆ. ಮೊದಲು ಹಲವು ದಿನ ಎರಡೂ ತುದಿಗಳ ಚಲನೆಯನ್ನು ಅಳೆದರು. ದಿನದ ಅಲುಗಾಟ ಹೆಚ್ಚುಕಡಿಮೆ 10 ಮಿಲಿಮೀಟರ್ ಆಚೀಚೆ ಅಂತ ಗೊತ್ತಾಯಿತು. ತುಂಡುಗಳ ಉದ್ದವನ್ನು ಆ ಅಳತೆಗೆ ಹೊಂದಿಸಿಕೊಂಡರು. ವೆಲ್ಡಿಂಗ್‌ಗೆ ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತು ಗೋಪುರಗಳು ಕಾಯುವುದಿಲ್ಲ. ಅದಕ್ಕೆ ತುದಿಗಳಲ್ಲಿ ತಾತ್ಕಾಲಿಕ ಪಿನ್ ಜೋಡಣೆ ಇಟ್ಟರು, ತೂತಿಗೆ ತೂತು ಕೂತ ಕೂಡಲೇ ಪಿನ್ ಹೊಡೆದರೆ ಬಿಗಿ. 2007ರ ಡಿಸೆಂಬರ್ 8ರ ಬೆಳಗ್ಗೆ, ಎರಡೂ ಗೋಪುರಗಳ ಉಕ್ಕು ಒಂದೇ ಉಷ್ಣಾಂಶದಲ್ಲಿದ್ದಾಗ, ಆ 7 ಜೋಡಣೆ ಮುಗಿಯಿತು. ವೆಲ್ಡಿಂಗ್ ಆಮೇಲೆ. ರಾತ್ರಿಯಿಡೀ ತಣಿದ ಉಕ್ಕು ಬಿಸಿಲಿಗೆ ಬೀಳುವ ಮುನ್ನ ಸಮನಾಗಿರುತ್ತದೆ, ಬೆಳಗ್ಗೆಯನ್ನೇ ಆರಿಸಿದ್ದು ಅದಕ್ಕೆ.

ತೊಲೆ_ಕಂಬ

ಬಹಳ ಉಪಯುಕ್ತ. ಒಂದು ಸಂದೇಹ: ಬೇಗ ಕೂಡಿಸಿದರೂ ತಡವಾಗಿ ಕೂಡಿಸಿದರೂ ಕೊನೆಗೆ ಸಿಗುವ ಕಟ್ಟಡ ಒಂದೇ ತಾನೆ?

ಸೈಟ್‌ಬುಕ್

ಕಣ್ಣಿಗೆ ಒಂದೇ, ಒಳಗಿನ ಬಲಗಳು ಬೇರೆ.

ಕೂಡುವ ಮೊದಲು ಗೋಪುರ ಒಂದು ಓರೆ ಕೋಲು. ಆ ಹಂತದಲ್ಲಿ ಏರಿಸಿದ ಪ್ರತಿ ಟನ್ನೂ ಬುಡದಲ್ಲಿ ಬಾಗಿನ ಬಲ ಹುಟ್ಟಿಸುತ್ತದೆ. ಕೂಡಿಸಿದ ಮೇಲೂ ಆ ಬಲ ಹೋಗುವುದಿಲ್ಲ, ಅಲ್ಲೇ ಬಂದಿಯಾಗಿ ಉಳಿಯುತ್ತದೆ. ಕೂಡಿಸಿದ ಮೇಲೆ ಏರಿಸಿದ ಭಾರಕ್ಕೆ ಮಾತ್ರ ಗೋಪುರಗಳು ಒಂದಕ್ಕೊಂದು ಆಸರೆ. ತಡವಾಗಿ ಕೂಡಿಸಿದಷ್ಟೂ ಬುಡಕ್ಕೆ ಹೊರೆ, ಬೇಗ ಕೂಡಿಸಿದಷ್ಟೂ ಚಾಚಿನ ತೊಲೆಗಳಿಗೆ ಹೊರೆ. ಗುತ್ತಿಗೆದಾರ ಯಾವ ವಾರ ಕೂಡಿಸುತ್ತಾನೆ ಅಂತ ವಿನ್ಯಾಸದ ಹಂತದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆರಪ್‌ನವರು ಅತಿ ಬೇಗ, ಅತಿ ತಡ ಎಂಬ ಎರಡು ಗಡಿಗಳಿಗೂ ಲೆಕ್ಕ ಹಾಕಿ, ಕಟ್ಟಡ ಎರಡಕ್ಕೂ ತಾಳುವ ಹಾಗೆ ಮಾಡಿ, ಆ ಗಡಿಗಳ ನಡುವೆ ಕೆಲಸ ಮಾಡಬೇಕೆಂದು ಷರತ್ತು ಹಾಕಿದರು.

ಬಾಗುವುದನ್ನು ಮುಂಚೆಯೇ ಲೆಕ್ಕ ಹಿಡಿದದ್ದು ಇನ್ನೊಂದು ಕೆಲಸ. ಹಳೆಯ ಬಡಗಿಗಳು ಉದ್ದನೆಯ ತೊಲೆಯನ್ನು ಉಬ್ಬು ಮೇಲೆ ಮಾಡಿ ಕೂರಿಸುತ್ತಾರಲ್ಲ, ಭಾರ ಬಿದ್ದ ಮೇಲೆ ನೇರವಾಗಲಿ ಅಂತ, ಅದೇ ನಿಯಮ. ಗೋಪುರಗಳನ್ನು ನಕ್ಷೆಯಲ್ಲಿರುವ ಜಾಗಕ್ಕಿಂತ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಕಟ್ಟುತ್ತ ಹೋದರು. ಇದರಲ್ಲಿ ಎರಡು ಪಾಲು: ಫ್ಯಾಕ್ಟರಿಯಲ್ಲಿ ತುಂಡನ್ನು ಕತ್ತರಿಸುವಾಗಲೇ ಸೇರಿಸುವ ಹೆಚ್ಚುವರಿ ಉದ್ದ ಒಂದು, ಸೈಟಿನಲ್ಲಿ ಕೂರಿಸುವಾಗ ಕೊಡುವ ಸರಿತ ಇನ್ನೊಂದು. ಮೊದಲನೆಯದು ತಪ್ಪಿದರೆ ಎರಡನೆಯದರಲ್ಲಿ ಸರಿಮಾಡಲು ಆಗುವುದು ಬಹಳ ಕಡಿಮೆ. ಅದಕ್ಕೇ ಸೈಟಿನ ಅಳತೆಗಳು ವಾರವಾರವೂ ಲೆಕ್ಕದ ಮೇಜಿಗೆ ವಾಪಸ್ ಹೋಗಬೇಕು.

ಉಕ್ಕಿನಕೋಟೆ

ಸೈಟ್‌ಬುಕ್ ಹೇಳಿದ್ದಕ್ಕೆ ಸೇರಿಸಬೇಕಾದ ಒಂದು ಸಂಗತಿ ಇದೆ. ಇಡೀ ಯೋಜನೆಯಲ್ಲಿ ನನಗೆ ಅತಿ ಚೆಂದ ಅನ್ನಿಸುವುದು ಇದೇ.

ಚಾಚಿನ ನೇರ ಕೆಳಗೆ ಬರುವ ಗೋಪುರದ ಮೂಲೆ ಕಾಲಂಗಳು. ಚಾಚಿನ ಸ್ವಂತ ಭಾರವೆಲ್ಲ ಅವುಗಳತ್ತ ನುಗ್ಗುತ್ತಿತ್ತು, ಭೂಕಂಪಕ್ಕೆ ಅಂತ ಶಕ್ತಿಯೇ ಉಳಿಯುತ್ತಿರಲಿಲ್ಲ. ಯಾರಿಗಾದರೂ ಮೊದಲು ಹೊಳೆಯುವುದು ಕಾಲಂ ದಪ್ಪ ಮಾಡೋಣ ಅಂತ. ದಪ್ಪ ಮಾಡಿದರೆ ಬಿಗಿತ ಹೆಚ್ಚುತ್ತದೆ, ಬಿಗಿತ ಹೆಚ್ಚಿದರೆ ಇನ್ನಷ್ಟು ಭಾರ ಅಲ್ಲಿಗೇ ಬರುತ್ತದೆ, ಮತ್ತೆ ದಪ್ಪ ಮಾಡಬೇಕು. ಕೊನೆಯಿಲ್ಲ.

ಅವರು ಮಾಡಿದ್ದು ಉಲ್ಟಾ. ಆ ಮೂಲೆಯ ಕಾಲಂ ಮತ್ತು ಬ್ರೇಸ್‌ಗಳನ್ನು ಕಟ್ಟುವ ಹೊತ್ತಿನಲ್ಲಿ ಹಾಕಲೇ ಇಲ್ಲ, ಜಾಗ ಖಾಲಿ ಬಿಟ್ಟರು. ಚಾಚಿನ ಭಾರ ಬೇರೆ ದಾರಿಯಿಲ್ಲದೆ ಓರೆ ಬ್ರೇಸ್‌ಗಳ ಮೂಲಕ ಪಕ್ಕದ ಕಾಲಂಗಳಿಗೆ ಇಳಿಯಿತು. ಭಾರವೆಲ್ಲ ನೆಲೆಗೊಂಡ ಮೇಲೆ, ಕೊನೆಗೆ, ಮೂಲೆಯ ತುಂಡುಗಳನ್ನು ಕೂರಿಸಿ ಬಿಗಿದರು. ಈಗ ಅವು ನಿತ್ಯದ ಭಾರವನ್ನು ಹೊರುತ್ತಿಲ್ಲ, ಅವುಗಳ ಪೂರ್ತಿ ಶಕ್ತಿ ಗಾಳಿಗೂ ಭೂಕಂಪಕ್ಕೂ ಮೀಸಲು. ಉಕ್ಕು ಹೆಚ್ಚಿಸದೆ, ಬರೀ ಕೆಲಸದ ಕ್ರಮ ಬದಲಿಸಿ ಸಾಧಿಸಿದ್ದು ಇದು.

ಕರಾವಳಿ_ಕಾಂಕ್ರೀಟ್

ಉಕ್ಕು ಹೆಚ್ಚಿಸದೆ ಅನ್ನುವ ಮಾತು ಆ ಮೂಲೆಗೆ ಸರಿ. ಒಟ್ಟು ಲೆಕ್ಕ ನೋಡಿ: ಜೋಡಣೆ ಸೇರಿ ಸುಮಾರು 1.25 ಲಕ್ಷ ಟನ್. 4.73 ಲಕ್ಷ ಚದರ ಮೀಟರಿಗೆ ಭಾಗಿಸಿದರೆ ಚದರ ಮೀಟರಿಗೆ 264 ಕಿಲೋ. ನೆಲಮಾಳಿಗೆಗಳು ಆ ವಿಸ್ತೀರ್ಣದಲ್ಲೇ ಸೇರಿವೆ, ಅಂದರೆ ಮೇಲಿನ ಭಾಗಕ್ಕೆ ಇನ್ನೂ ಹೆಚ್ಚು ಬೀಳುತ್ತದೆ. ಇಷ್ಟೇ ನೆಲವನ್ನು ಎರಡು ನೇರ ಗೋಪುರಗಳಲ್ಲಿ ಕೊಟ್ಟಿದ್ದರೆ ಎಷ್ಟೋ ಕಡಿಮೆ ಉಕ್ಕು ಸಾಕಿತ್ತು. ಸರ್ಕಾರದ ದುಡ್ಡು, ಕೇಳುವವರಿಲ್ಲ ಅಂತ ಮಾಡಿದ ಜಂಬ.

ನಕ್ಷೆಗಾರ್ತಿ

ಖರ್ಚಿನ ಮಾತು ಒಪ್ಪಿದೆ. ಆದರೆ ಸಿಸಿಟಿವಿಯವರು ಕೇಳಿದ್ದೇ ಬೇರೆ. ಸುದ್ದಿ, ಸ್ಟುಡಿಯೋ, ಪ್ರಸಾರ, ಆಡಳಿತ ಎಲ್ಲ ಒಂದೇ ಸೂರಿನಡಿ ಬರಬೇಕಿತ್ತು, ಸುಮಾರು 10,000 ಜನ. ನೇರ ಗೋಪುರ ಆಗಿದ್ದರೆ ಪ್ರತಿ ವಿಭಾಗ ತನ್ನ ಮಹಡಿಯಲ್ಲಿ ಕೂತು, ಲಿಫ್ಟಿನಲ್ಲಿ ಮಾತ್ರ ಭೇಟಿ. ಸುತ್ತು ಹೊಡೆಯುವ ಕಟ್ಟಡದಲ್ಲಿ ಒಂದು ಗೋಪುರದಿಂದ ಇನ್ನೊಂದಕ್ಕೆ ಬುಡದಲ್ಲೂ ದಾಟಬಹುದು, ನೆತ್ತಿಯಲ್ಲೂ ದಾಟಬಹುದು. ಸಾರ್ವಜನಿಕರಿಗೂ ಆ ಸುತ್ತಿನಲ್ಲೇ ಪ್ರತ್ಯೇಕ ನೋಟದ ದಾರಿ, ಚಾಚಿನ ನೆಲದಲ್ಲಿ ಕೆಳಗೆ ಕಾಣುವ ಮೂರು ಗಾಜಿನ ವೃತ್ತಗಳು. ಸ್ಪರ್ಧೆಯ ತೀರ್ಪುಗಾರರಲ್ಲಿ ಜಪಾನಿನ ವಾಸ್ತುಶಿಲ್ಪಿ ಅರಾತಾ ಇಸೊಜಾಕಿ, ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಇದ್ದರು. ಎತ್ತರದ ಪೈಪೋಟಿಗೆ ಇಳಿಯದ ಆಕಾರ ಅವರಿಗೆ ಹಿಡಿಸಿತು. ಬೀಜಿಂಗ್‌ನವರು ಅದಕ್ಕೆ 'ದೊಡ್ಡ ಚಡ್ಡಿ' ಅಂತ ಹೆಸರಿಟ್ಟರು, ಅದು ಬೇರೆ ಮಾತು.

ಜಂಬ ಅನ್ನುವುದಾದರೆ ತಿಯಾನನ್‌ಮೆನ್ ಚೌಕದ ಗ್ರೇಟ್ ಹಾಲ್ ಆಫ್ ದಿ ಪೀಪಲ್ ಕೂಡ ನೋಡಬೇಕು. 1.7 ಲಕ್ಷ ಚದರ ಮೀಟರ್ ಮೀರಿದ ಕಟ್ಟಡವನ್ನು 1958-59ರಲ್ಲಿ ಹತ್ತೇ ತಿಂಗಳಲ್ಲಿ ಮುಗಿಸಿದರು, ವಿನ್ಯಾಸ ಪೂರ್ತಿ ದೇಶದೊಳಗಿನವರದೇ. ಸಿಸಿಟಿವಿಯಲ್ಲೂ ಹೊರದೇಶದ ವಾಸ್ತುಶಿಲ್ಪಿ ಒಬ್ಬರೇ ಸಹಿ ಹಾಕಲು ಆಗುವುದಿಲ್ಲ, ಸ್ಥಳೀಯ ವಿನ್ಯಾಸ ಸಂಸ್ಥೆ ಜೊತೆಗಿರಬೇಕು. ಇಲ್ಲಿ ಅದು ಶಾಂಘೈನ ಈಸ್ಟ್ ಚೈನಾ ಆರ್ಕಿಟೆಕ್ಚರಲ್ ಡಿಸೈನ್ ಸಂಸ್ಥೆ.

ತೊಲೆ_ಕಂಬ

ಭೂಕಂಪದ ಲೆಕ್ಕ ಯಾರಾದರೂ ಹೇಳಿ. ಬೀಜಿಂಗ್ ನಮ್ಮ ಯಾವ ವಲಯಕ್ಕೆ ಸಮ?

ಉಕ್ಕಿನಕೋಟೆ

ನೇರ ಹೋಲಿಸಿದರೆ ದಾರಿ ತಪ್ಪುತ್ತದೆ, ಎರಡೂ ದೇಶಗಳ ಕಟ್ಟಡ ಸಂಹಿತೆಗಳ (ನಿಯಮಗಳ) ಅಂಕಿಗಳು ಬೇರೆ ಬೇರೆ ಮಟ್ಟದವು.

ಚೀನಾದಲ್ಲಿ ಮೂರು ಮಟ್ಟ. 50 ವರ್ಷಕ್ಕೊಮ್ಮೆ ನಿರೀಕ್ಷಿಸುವ ಸಣ್ಣ ಕಂಪನ, 475 ವರ್ಷಕ್ಕೊಮ್ಮೆಯ ಮಧ್ಯಮ, ಸುಮಾರು 2,500 ವರ್ಷಕ್ಕೊಮ್ಮೆಯ ಭಾರಿ. ಬೀಜಿಂಗ್ ತೀವ್ರತೆ 8ರ ವಲಯ. ಮೂರು ಮಟ್ಟಕ್ಕೆ ನೆಲದ ವೇಗೋತ್ಕರ್ಷ ಕ್ರಮವಾಗಿ ಗುರುತ್ವದ 0.07, 0.20, 0.40ರಷ್ಟು. ನಮ್ಮ ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ದೆಹಲಿಯ ವಲಯ 4ಕ್ಕೆ 0.24, ಬೆಂಗಳೂರಿನ ವಲಯ 2ಕ್ಕೆ 0.10. ಆದರೆ ಅವು ಅತಿ ದೊಡ್ಡ ಕಂಪನದ ಅಂಕಿ, ವಿನ್ಯಾಸಕ್ಕೆ ಅರ್ಧ ಮಾಡಿಕೊಳ್ಳುತ್ತೇವೆ. ಹಾಗಾಗಿ ದೆಹಲಿಯ 0.24 ಅನ್ನು ಬೀಜಿಂಗ್‌ನ 0.20ರ ಪಕ್ಕ ಇಡಬಾರದು, 0.40ರ ಪಕ್ಕ ಇಡಬೇಕು.

ಇನ್ನು ವಿಧಾನ. ಈ ಆಕಾರ ಚೀನಾದ ಸಂಹಿತೆಯ ಯಾವ ಅಧ್ಯಾಯಕ್ಕೂ ಸೇರುವುದಿಲ್ಲ. ಅಂಥ ಕಟ್ಟಡಗಳಿಗೆ ನಿರ್ಮಾಣ ಸಚಿವಾಲಯದ ತಜ್ಞರ ಸಮಿತಿ ಕೂತು ಪರಿಶೀಲಿಸುತ್ತದೆ. ಗುರಿ ಹೀಗೆ: ಸಣ್ಣ ಕಂಪನಕ್ಕೆ ಏನೂ ಆಗಬಾರದು, ಮಧ್ಯಮಕ್ಕೆ ರಿಪೇರಿಯಾಗುವಷ್ಟು ಹಾನಿ ಸಾಕು, ಭಾರಿ ಕಂಪನಕ್ಕೆ ಬೀಳಬಾರದು. ಮೊದಲನೆಯದಕ್ಕೆ ಸಾಮಾನ್ಯ ಲೆಕ್ಕ ಸಾಕಾಗುತ್ತದೆ. ಮೂರನೆಯದರಲ್ಲಿ ಬ್ರೇಸ್‌ಗಳು ನುಲಿಯುವುದು, ನುಲಿದ ಮೇಲೂ ಉಳಿಯುವ ಶಕ್ತಿ ಎಲ್ಲವನ್ನೂ ಕ್ಷಣಕ್ಷಣದ ಸಿಮ್ಯುಲೇಶನ್‌ನಲ್ಲಿ ಹಿಡಿಯಬೇಕು. ಅದಕ್ಕೆ ಬಳಸಿದ್ದು ಎಲ್‌ಎಸ್-ಡೈನಾ, ಕಾರು ಡಿಕ್ಕಿಯ ಪರೀಕ್ಷೆಗೆ ಬಳಸುವ ಅದೇ ಸಾಫ್ಟ್‌ವೇರ್.

ಸಮಿತಿ ಕಾಗದದ ಲೆಕ್ಕಕ್ಕೆ ಮಾತ್ರ ತೃಪ್ತಿಪಡಲಿಲ್ಲ. ಕಾಲಂ ಮತ್ತು ಬ್ರೇಸ್ ಸೇರುವ ಜೋಡಣೆಯ ಐದನೇ ಒಂದರಷ್ಟು ಮಾದರಿಯನ್ನು ಬೀಜಿಂಗ್‌ನ ಸಿಂಘುವಾ ವಿಶ್ವವಿದ್ಯಾಲಯದಲ್ಲಿ, ಉಕ್ಕು ತುಂಬಿದ ಕಾಂಕ್ರೀಟ್ ಕಾಲಂ ಮಾದರಿಯನ್ನು ಶಾಂಘೈನ ತೊಂಗ್ಜಿ ವಿಶ್ವವಿದ್ಯಾಲಯದಲ್ಲಿ, ಇಡೀ ಕಟ್ಟಡದ 1:35 ಮಾದರಿಯನ್ನು ಚೈನಾ ಅಕಾಡೆಮಿ ಆಫ್ ಬಿಲ್ಡಿಂಗ್ ರಿಸರ್ಚ್‌ನ ಕಂಪನ ಮೇಜಿನ ಮೇಲೆ ಪರೀಕ್ಷಿಸಿದರು.

ಸೈಟ್‌ಬುಕ್

ಆ ಜೋಡಣೆಗೆ ಚಿಟ್ಟೆ ಪ್ಲೇಟ್ ಅನ್ನುತ್ತಾರೆ, ಎರಡು ರೆಕ್ಕೆಯ ಹಾಗಿರುತ್ತದೆ. ಕಾಲಂ, ಬೀಮ್, ಬ್ರೇಸ್ ಬಂದು ಸೇರುವ ಕಡೆ ಒಂದೇ ದೊಡ್ಡ ಪ್ಲೇಟ್. ಪಾಲಿಸಿದ ನಿಯಮ ಸರಳ: ಜೋಡಣೆ ಬಲಿಷ್ಠ, ಅದಕ್ಕೆ ಸೇರುವ ತುಂಡು ದುರ್ಬಲ. ಭಾರಿ ಕಂಪನದಲ್ಲಿ ಬ್ರೇಸ್ ಮೊದಲು ಸೋಲಬೇಕು, ಪ್ಲೇಟ್ ಅಲ್ಲ. ಬ್ರೇಸ್ ಒಂದು ಸೋತರೆ ಜಾಲದಲ್ಲಿ ಬೇರೆ ದಾರಿಗಳಿವೆ. ಜೋಡಣೆ ಸೋತರೆ ನಾಲ್ಕೈದು ತುಂಡು ಒಟ್ಟಿಗೆ ಹೋಗುತ್ತವೆ.

ಇಷ್ಟು ದಪ್ಪ ಪ್ಲೇಟ್ ವೆಲ್ಡ್ ಮಾಡುವವರಿಗೆ ಎಚ್ಚರ ಬೇಕಾದದ್ದು: ಮೊದಲೇ ಬಿಸಿ ಮಾಡದೆ ಹೊಡೆದರೆ ವೆಲ್ಡ್ ಪಕ್ಕದ ಉಕ್ಕು ಪೆಡಸಾಗಿ ಗಂಟೆಗಳ ನಂತರ ಬಿರುಕು ಬಿಡುತ್ತದೆ, ಆಗ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಅಲ್ಟ್ರಾಸಾನಿಕ್ ಪರೀಕ್ಷೆಯನ್ನು ವೆಲ್ಡ್ ಆರಿದ ಕೂಡಲೇ ಮಾಡುವುದಿಲ್ಲ, ಒಂದೆರಡು ದಿನ ಬಿಟ್ಟು ಮಾಡುತ್ತಾರೆ. ಇನ್ನೊಂದು ಬಗೆಯ ಬಿರುಕು ಪ್ಲೇಟಿನ ದಪ್ಪದ ದಿಕ್ಕಿನಲ್ಲಿ, ಪದರ ಬಿಚ್ಚಿದ ಹಾಗೆ. ಅದಕ್ಕೆ ಉಪಾಯ ವೆಲ್ಡರ್ ಕೈಯಲ್ಲಿಲ್ಲ. ಆ ದಿಕ್ಕಿಗೂ ಪರೀಕ್ಷಿಸಿದ ಉಕ್ಕನ್ನೇ ಖರೀದಿಸಬೇಕು.

ಓದುಗ_ಹಾಸನ

ಬೆಂಕಿಯ ವಿಷಯ?

ನಕ್ಷೆಗಾರ್ತಿ

ಬೆಂಕಿ ಬಿದ್ದದ್ದು ಇದಕ್ಕಲ್ಲ. ಅದೇ ಆವರಣದ ಉತ್ತರದ ಕಟ್ಟಡಕ್ಕೆ, ಹೋಟೆಲ್ ಮತ್ತು ರಂಗಮಂದಿರ ಇದ್ದ 159 ಮೀಟರಿನ ಟಿವಿಸಿಸಿಗೆ. 2009ರ ಫೆಬ್ರವರಿ 9, ಚೀನೀ ಹೊಸ ವರ್ಷದ ಹಬ್ಬದ ಕೊನೆಯ ದಿನದ ದೀಪೋತ್ಸವ. ಆವರಣದಲ್ಲೇ ಅನುಮತಿಯಿಲ್ಲದೆ ಹಾರಿಸಿದ ಭಾರಿ ಬಾಣಬಿರುಸು ಕಟ್ಟಡದ ಮೇಲೆ ಬಿತ್ತು. ಹೊರಮೈಯ ಸತುವಿನ ಹೊದಿಕೆಯ ಹಿಂದಿದ್ದ ಪ್ಲಾಸ್ಟಿಕ್ ನೊರೆಯ ನಿರೋಧಕ ಹೊತ್ತಿಕೊಂಡು, ಬೆಂಕಿ ಮೇಲಿನಿಂದ ಕೆಳಗೆ ಹೊರಗೋಡೆಗುಂಟ ಹರಿಯಿತು. ಒಬ್ಬ ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಹೊಣೆಗಾರರಿಗೆ ಜೈಲಾಯಿತು. ಉಕ್ಕು ಕಾಂಕ್ರೀಟಿನ ಅಸ್ಥಿಪಂಜರ ನಿಂತೇ ಇತ್ತು, ಅದನ್ನೇ ಇಟ್ಟುಕೊಂಡು ದುರಸ್ತಿ ಮಾಡಿದರು.

ಹೊರಗೋಡೆ ವಿನ್ಯಾಸ ಮಾಡುವವರಿಗೆ ಇಲ್ಲಿರುವ ವಿಷಯ ಬಾಣಬಿರುಸಲ್ಲ. ಹೊದಿಕೆ ಮತ್ತು ಗೋಡೆಯ ನಡುವಿನ ಟೊಳ್ಳು ಚಿಮಣಿಯಾಗಿ ಕೆಲಸ ಮಾಡುತ್ತದೆ. ನಿರೋಧಕ ಉರಿಯುವ ವಸ್ತುವಾಗಿದ್ದರೆ, ಪ್ರತಿ ಮಹಡಿಗೂ ಆ ಟೊಳ್ಳನ್ನು ಅಡ್ಡ ಮುಚ್ಚದಿದ್ದರೆ, ಒಳಗಿನ ಸ್ಪ್ರಿಂಕ್ಲರ್‌ಗಳಿಂದ ಏನೂ ಪ್ರಯೋಜನವಿಲ್ಲ. ಬೆಂಕಿ ಗೋಡೆಯ ಹೊರಗಿದೆ, ನೀರು ಒಳಗೆ ಸುರಿಯುತ್ತದೆ. ಕೆಲಸ ಪೂರ್ತಿ ಮುಗಿಯದ ಕಟ್ಟಡದಲ್ಲಂತೂ ಸ್ಪ್ರಿಂಕ್ಲರ್‌ಗೆ ನೀರೇ ಬಂದಿರುವುದಿಲ್ಲ.

ಕರಾವಳಿ_ಕಾಂಕ್ರೀಟ್

ಇಂಥದ್ದನ್ನು ಈಗ ಅಲ್ಲಿ ಇನ್ನೊಂದು ಕಟ್ಟಲು ಬಿಡುತ್ತಾರಾ?

ನಕ್ಷೆಗಾರ್ತಿ

ಕಷ್ಟ. 2013ರ ಜುಲೈನಲ್ಲಿ ಹೊಸ ಸರ್ಕಾರಿ ಕಚೇರಿ ಕಟ್ಟಡಗಳಿಗೇ ಐದು ವರ್ಷ ತಡೆ ಬಂತು. 2014ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ವಿಚಿತ್ರ ಕಟ್ಟಡಗಳು ಸಾಕು ಅಂದರು. 2016ರ ಫೆಬ್ರವರಿಯ ರಾಷ್ಟ್ರ ಮಟ್ಟದ ನಿರ್ದೇಶನ ಅದನ್ನೇ ಲಿಖಿತ ಮಾಡಿತು: ಮಿತವ್ಯಯ, ಉಪಯುಕ್ತತೆ, ಹಸಿರು, ಚೆಂದ. ತಮಾಷೆ ಅಂದರೆ 2013ರಲ್ಲೇ ಎತ್ತರದ ಕಟ್ಟಡಗಳ ಅಂತರರಾಷ್ಟ್ರೀಯ ಮಂಡಳಿ ಸಿಸಿಟಿವಿಗೆ ಆ ವರ್ಷದ ಅತ್ಯುತ್ತಮ ಎತ್ತರದ ಕಟ್ಟಡ ಪ್ರಶಸ್ತಿ ಕೊಟ್ಟಿತ್ತು.

ತೊಲೆ_ಕಂಬ

ಕೊನೆಯದೊಂದು. ಗೋಪುರ ಓರೆ, ಲಿಫ್ಟ್ ನೇರ ಹೋಗಬೇಕು. ಒಳಗಿನ ಕಾಲಂಗಳೂ ಓರೆಯೇ?

ಉಕ್ಕಿನಕೋಟೆ

ಇಲ್ಲ, ಹೊರಮೈ ಕಾಲಂಗಳು ಮಾತ್ರ ಓರೆ. ಕೋರ್ ಮತ್ತು ಒಳಗಿನ ಕಾಲಂಗಳು ನೇರ. ಮಹಡಿಯ ಚಪ್ಪಡಿ ಮೇಲೇರಿದಂತೆ ಪಕ್ಕಕ್ಕೆ ಸರಿಯುತ್ತದೆ, ಕೋರ್ ಇದ್ದಲ್ಲೇ ಇರುತ್ತದೆ. ಪರಿಣಾಮವಾಗಿ ಒಂದು ಬದಿಯಲ್ಲಿ ಕೋರ್‌ಗೂ ಹೊರಗೋಡೆಗೂ ನಡುವಿನ ಅಂತರ ಹಿಗ್ಗುತ್ತ ಹೋಗುತ್ತದೆ, ಎದುರು ಬದಿಯಲ್ಲಿ ಕುಗ್ಗುತ್ತ ಹೋಗುತ್ತದೆ. ಕುಗ್ಗುವ ಬದಿಯಲ್ಲಿ ಒಂದು ಮಟ್ಟದ ಮೇಲೆ ಕೋರ್‌ನ ಆ ಭಾಗವನ್ನೇ ನಿಲ್ಲಿಸಬೇಕು, ಅಲ್ಲಿಗೆ ಮೇಲಿನ ಮಹಡಿಗಳ ಲಿಫ್ಟ್ ಇರದ ಹಾಗೆ ಮೊದಲೇ ಹಂಚಬೇಕು. ಹಿಗ್ಗುವ ಬದಿಯಲ್ಲಿ ಬೀಮ್ ಉದ್ದ ತೀರ ಹೆಚ್ಚಾದಾಗ ನಡುವೆ ಹೊಸ ಕಾಲಂ ಸಾಲು ಬೇಕು, ಆದರೆ ಅದಕ್ಕೆ ಕೆಳಗೆ ನೆಲದವರೆಗೆ ಜಾಗವಿಲ್ಲ. ಅದಕ್ಕೆ ಎರಡು ಮಹಡಿ ಎತ್ತರದ ಟ್ರಸ್ (ತ್ರಿಕೋನಗಳಾಗಿ ಹೆಣೆದ ಉಕ್ಕಿನ ತೊಲೆ) ಕೂರಿಸಿ, ಕೋರ್‌ಗೂ ಹೊರಮೈಗೂ ಅದನ್ನು ಸಿಕ್ಕಿಸಿ, ಹೊಸ ಸಾಲನ್ನು ಅದರ ಮೇಲಿನಿಂದ ಎಬ್ಬಿಸಿದ್ದಾರೆ. ಈ ಟ್ರಸ್‌ಗಳನ್ನು ಯಂತ್ರೋಪಕರಣದ ಮಹಡಿಗಳಿಗೆ ಸೇರಿಸಿಬಿಟ್ಟರೆ ಕಚೇರಿ ಜಾಗ ಹಾಳಾಗುವುದಿಲ್ಲ. ಜೋಡಿಸುವಾಗ ಒಂದು ಎಚ್ಚರ: ಟ್ರಸ್ ತೀರ ಬಿಗಿಯಾಗಿ ಎರಡೂ ಕಡೆ ಹಿಡಿದರೆ ಅದು ಭಾರ ದಾಟಿಸುವುದರ ಜೊತೆಗೆ ಹೊರಮೈ ಮತ್ತು ಕೋರ್ ನಡುವೆ ಬಾಗಿನ ಬಲವನ್ನೂ ದಾಟಿಸಲು ಶುರುಮಾಡುತ್ತದೆ, ಭೂಕಂಪದ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ತುದಿಯ ಜೋಡಣೆಗಳನ್ನು ಆದಷ್ಟು ಪಿನ್ ಹಾಗೆ, ತಿರುಗಲು ಅವಕಾಶ ಕೊಟ್ಟು ಮಾಡಬೇಕು. ಚಾಚಿನ ತಳದ ಎರಡು ಮಹಡಿಗಳಲ್ಲೂ ಇಂಥವೇ ಟ್ರಸ್‌ಗಳಿವೆ, ಮೇಲಿನ ಮಹಡಿಗಳ ಕಾಲಂಗಳು ನಿಂತಿರುವುದು ಅವುಗಳ ಮೇಲೆ.